ಗಾಳಿಯ ಲೆಕ್ಕ ಬರೆಯುವವರು

ಗಾಳಿ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಒಳಗಿನದನ್ನೆಲ್ಲ ಪಂಪಿನಿಂದ ಹೀರಿ ಖಾಲಿ ಮಾಡಿದ ಗಾಜಿನ ಬುರುಡೆಯನ್ನು ಕೈಯಲ್ಲಿ ಹಿಡಿದು, ಗಾಳಿ ಬರುವ ಕಡೆಗೆ ಮುಖ ಮಾಡಿ ನಿಲ್ಲಬೇಕು. ಉಸಿರು ಬಿಗಿಹಿಡಿದು ಎದುರುಗಾಳಿಗೆ ಕೆಲವು ಹೆಜ್ಜೆ ನಡೆಯಬೇಕು. ಬುರುಡೆಯನ್ನು ತಲೆಯ ಮೇಲಕ್ಕೆತ್ತಿ ತಿರುಪು ತೆರೆದರೆ ಗಾಳಿ ಸುಯ್ಯೆಂದು ಒಳಗೆ ನುಗ್ಗುತ್ತದೆ. ತಿರುಪು ಮುಚ್ಚಿದ ಮೇಲಷ್ಟೇ ಉಸಿರು ಬಿಡಬಹುದು. ನಾವು ಹೊರಬಿಡುವ ಉಸಿರಿನಲ್ಲಿ ಸುತ್ತಲಿನ ಗಾಳಿಗಿಂತ ಸುಮಾರು ನೂರು ಪಟ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಬುರುಡೆಯ ಬಾಯಿಯ ಹತ್ತಿರ ಒಂದು ನಿಟ್ಟುಸಿರು ಬಿದ್ದರೆ ಅಂದಿನ ಮಾದರಿ ಕೆಟ್ಟಿತು. ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಕಳೆದ ಶತಮಾನದ ಐವತ್ತರ ದಶಕದಲ್ಲಿ ಶುರುವಾದ ಈ ಮಡಿ ಇವತ್ತಿಗೂ ತಪ್ಪಿಲ್ಲ.

ವಾತಾವರಣದ ರಸಾಯನಶಾಸ್ತ್ರ ಎಂದಕೂಡಲೇ ಉಪಗ್ರಹ, ಸೂಪರ್‌ಕಂಪ್ಯೂಟರ್, ಬಣ್ಣಬಣ್ಣದ ಭೂಪಟ ಕಣ್ಣಮುಂದೆ ಬರುತ್ತವೆ. ಅವೆಲ್ಲ ಇವೆ, ಬೇಕು ಕೂಡ. ಆದರೆ ಈ ಸಮುದಾಯದ ನಿಜವಾದ ಆಸ್ತಿ ದಶಕಗಟ್ಟಲೆ ಕೈತಪ್ಪದೆ ಬರೆದಿಟ್ಟ ಲೆಕ್ಕದ ಪುಸ್ತಕ ಎಂದು ನನಗನ್ನಿಸುತ್ತದೆ. ಭಾಷೆ, ಧ್ವಜ ಬೇರೆಯಾದವರು ಒಂದೇ ಅಳತೆಗೋಲು ಒಪ್ಪಿಕೊಂಡು, ಇಂದು ಇಲ್ಲಿ ಗಾಳಿಯಲ್ಲಿ ಇಂಥದ್ದು ಇಷ್ಟಿತ್ತು ಎಂದು ಬರೆಯುತ್ತಾ ಹೋಗಿದ್ದಾರೆ. ಬೇಸರದ ಕೆಲಸ, ಇದಕ್ಕೆ ಯಾರೂ ಹಾರ ಹಾಕುವುದಿಲ್ಲ. ಈಗ ಖರ್ಚು ಉಳಿಸುವ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುತ್ತಿರುವುದೂ ಇದೇ.

ಈ ಪುಸ್ತಕದ ಬೆಲೆ ಗೊತ್ತಾಗಬೇಕಾದರೆ ಸಿಎಫ್‌ಸಿ-11ರ ಪ್ರಕರಣ ನೋಡಬೇಕು. ಸ್ಪ್ರೇ ಡಬ್ಬಿಗಳಲ್ಲಿ, ಶೀತಕ ಯಂತ್ರಗಳಲ್ಲಿ, ಫೋಮ್ ಉಬ್ಬಿಸುವುದರಲ್ಲಿ ಬಳಕೆಯಾಗುತ್ತಿದ್ದ, ಕ್ಲೋರೋಫ್ಲೋರೋಕಾರ್ಬನ್ ಗುಂಪಿನ ಅನಿಲವದು. ಅದು ವಾತಾವರಣದಲ್ಲಿ ಎಲ್ಲೆಡೆ ಹರಡಿದೆ ಎಂದು ಮೊದಲು ಅಳೆದು ತೋರಿಸಿದವರು ಜೇಮ್ಸ್ ಲವ್‌ಲಾಕ್. ತಾವೇ ರೂಪಿಸಿದ ಉಪಕರಣವನ್ನು 1971ರಲ್ಲಿ ಹಡಗಿಗೇರಿಸಿಕೊಂಡು ಅಟ್ಲಾಂಟಿಕ್ ಉದ್ದಕ್ಕೂ ಅಳೆದರು. ಅಳತೆ ಸರಿಯಾಗಿತ್ತು, ಅರ್ಥ ತಪ್ಪಿತ್ತು: ಇದರಿಂದ ಅಪಾಯವೇನೂ ಕಾಣುವುದಿಲ್ಲ ಎಂದು ಅವರು ಬರೆದರು. ಅದೇ ಅಂಕಿಗಳ ಬೆನ್ನು ಹತ್ತಿದ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್, ಈ ಅನಿಲ ಮೇಲಕ್ಕೇರಿ ಓಝೋನ್ ಪದರವನ್ನು ತಿನ್ನುತ್ತದೆ ಎಂದು 1974ರಲ್ಲಿ ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಹ್ಯಾಲಿ ನೆಲೆಯ ಹಳೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ಜೋ ಫಾರ್ಮನ್ ಮತ್ತು ಇಬ್ಬರು ಸಂಗಡಿಗರು ಓಝೋನ್ ರಂಧ್ರದ ವಿಷಯ ಹೊರಗಿಟ್ಟರು. ಉಪಗ್ರಹವೂ ಆ ಕುಸಿತವನ್ನು ಕಂಡಿತ್ತು. ಆದರೆ ಅಂಕಿ ಅಷ್ಟು ಕೆಳಗಿದ್ದದ್ದರಿಂದ 'ಸಂಶಯಾಸ್ಪದ' ಎಂಬ ಗುರುತು ಬಿದ್ದು ಅದು ಪರಿಶೀಲನೆಗೆ ಕಾದು ಕೂತಿತ್ತು. ನೆಲದ ಮೇಲಿನ ಹಳೆ ಉಪಕರಣಕ್ಕೆ ಮೂರು ದಶಕಗಳ ಹತ್ತಿರದ ಸಾಕ್ಷ್ಯವಿತ್ತು. 1987ರಲ್ಲಿ, ಓಝೋನ್ ತಿನ್ನುವ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು. 2010ರ ಹೊತ್ತಿಗೆ ಜಗತ್ತಿನಾದ್ಯಂತ ಸಿಎಫ್‌ಸಿ-11ರ ಉತ್ಪಾದನೆ ನಿಲ್ಲಬೇಕಿತ್ತು, ಕಾಗದದ ಮೇಲೆ ನಿಂತೂ ಇತ್ತು.

ಪಠ್ಯಪುಸ್ತಕದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಅಳೆಯುವವರು ಮಾತ್ರ ಅಳೆಯುವುದನ್ನು ಬಿಡಲಿಲ್ಲ. ಗೆದ್ದ ಪಂದ್ಯವನ್ನು ಯಾಕೆ ಮತ್ತೆ ಮತ್ತೆ ನೋಡುತ್ತೀರಿ ಎಂದು ಕೇಳಿದ್ದರೆ ಕೊಡುವುದಕ್ಕೆ ಅವರಲ್ಲಿ ದೊಡ್ಡ ಉತ್ತರವಿರಲಿಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ ಸ್ಟೀಫನ್ ಮಾಂಟ್ಜ್ಕಾ ನೇತೃತ್ವದ ತಂಡ ಒಂದು ವಿಚಿತ್ರ ಸಂಗತಿ ಪ್ರಕಟಿಸಿತು. ಸಿಎಫ್‌ಸಿ-11 ಇಳಿಯುತ್ತಿದೆ ನಿಜ, ಆದರೆ 2012ರ ನಂತರ ಇಳಿಯುವ ವೇಗ ಅರ್ಧಕ್ಕೆ ಬಂದಿದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 13,000 ಟನ್ ಹೆಚ್ಚುವರಿಯಾಗಿ ಎಲ್ಲಿಂದಲೋ ಬರುತ್ತಿದೆ. ಉತ್ತರಾರ್ಧಗೋಳಕ್ಕೂ ದಕ್ಷಿಣಾರ್ಧಗೋಳಕ್ಕೂ ನಡುವಿನ ವ್ಯತ್ಯಾಸ ಹಿಗ್ಗಿತ್ತು, ಅಂದರೆ ಸೋರಿಕೆ ಉತ್ತರದಲ್ಲಿ. ಮೌನಾ ಲೋವಾಕ್ಕೆ ಬರುವ ಗಾಳಿಯಲ್ಲಿ ಅದರ ಜೊತೆಗೇ ಏರಿಳಿಯುತ್ತಿದ್ದ ಬೇರೆ ಅನಿಲಗಳ ಜಾಡು ಪೂರ್ವ ಏಷ್ಯಾದ ಕಡೆ ಕೈತೋರಿತು.

ಒಂದು ವರ್ಷದ ನಂತರ, 2019ರಲ್ಲಿ, ಇನ್ನೊಂದು ಜಾಲ ಮುಂದಿನ ಹೆಜ್ಜೆ ಇಟ್ಟಿತು. 1978ರಿಂದ ನಡೆದುಬಂದಿರುವ ಏಗೇಜ್ ಎಂಬ ಅಂತರರಾಷ್ಟ್ರೀಯ ಜಾಲವದು. ಐರ್ಲೆಂಡಿನ ಮೇಸ್ ಹೆಡ್, ಬಾರ್ಬಡೋಸ್‌ನ ರ‍್ಯಾಗೆಡ್ ಪಾಯಿಂಟ್, ತಾಸ್ಮೇನಿಯಾದ ಕೇಪ್ ಗ್ರಿಮ್ ಹೀಗೆ ಸಮುದ್ರದ ಅಂಚಿನಲ್ಲಿ ಅದರ ಕೇಂದ್ರಗಳಿವೆ. ದಕ್ಷಿಣ ಕೊರಿಯಾದ ಜೆಜು ದ್ವೀಪದ ಗೋಸಾನ್ ಕೇಂದ್ರ ಮತ್ತು ಜಪಾನಿನ ಹಟೆರುಮಾ ದ್ವೀಪದ ಕೇಂದ್ರ, ಎರಡರ ದಾಖಲೆಯನ್ನೂ ಬಿಡಿಸಿ, ಯಾವ ದಿನ ಗಾಳಿ ಎಲ್ಲಿಂದ ಬಂತೆಂದು ಹಿಂದಕ್ಕೆ ಓಡಿಸಿ ನೋಡಿದರು. ಗಾಳಿ ಚೀನಾದ ಪೂರ್ವಭಾಗದಿಂದ ಬಂದ ದಿನಗಳಲ್ಲೇ ಅಂಕಿ ಜಿಗಿಯುತ್ತಿತ್ತು. ಶಾನ್‌ಡಾಂಗ್ ಮತ್ತು ಹೆಬೇ ಪ್ರಾಂತ್ಯಗಳ ಸುತ್ತಮುತ್ತಲಿಂದ ವರ್ಷಕ್ಕೆ ಸುಮಾರು 7,000 ಟನ್ ಹೆಚ್ಚುವರಿ ಸೋರಿಕೆ ಎಂಬ ಲೆಕ್ಕ ಬಂತು. ಫೋಮ್ ಕಾರ್ಖಾನೆಗಳು ಕದ್ದುಮುಚ್ಚಿ ಇದನ್ನು ಬಳಸುತ್ತಿವೆ ಎಂದು ಅಷ್ಟರಲ್ಲಿ ಪರಿಸರ ಸಂಘಟನೆಯೊಂದೂ ಬಯಲಿಗೆಳೆದಿತ್ತು. 2021ರಲ್ಲಿ ಬಂದ ಮತ್ತೆರಡು ಅಧ್ಯಯನಗಳ ಪ್ರಕಾರ ಸೋರಿಕೆ ಥಟ್ಟನೆ ಇಳಿದಿತ್ತು. ಪೊಲೀಸರು, ಕೋರ್ಟು ಎಲ್ಲಕ್ಕಿಂತ ಮೊದಲು ಕಳ್ಳನ ಜಾಡು ಹಿಡಿದದ್ದು ಸಮುದ್ರ ತೀರದಲ್ಲಿ ಗಾಳಿ ಹೀರುವ ಒಂದು ಕೊಳವೆ.

ಇಲ್ಲಿ ಇನ್ನೊಂದು ಮಾತು. ನೋವಾ ಮತ್ತು ಏಗೇಜ್ ತಮ್ಮ ತಮ್ಮ ಮಾನದಂಡಗಳನ್ನು ಸ್ವತಂತ್ರವಾಗಿ ಸಿದ್ಧಪಡಿಸಿಕೊಳ್ಳುತ್ತವೆ. ಒಂದೇ ಕೆಲಸಕ್ಕೆ ಎರಡು ಜಾಲ ಯಾಕೆ ಎಂದು ಲೆಕ್ಕಪರಿಶೋಧಕರು ಹುಬ್ಬೇರಿಸಬಹುದು. ಅಂತರರಾಷ್ಟ್ರೀಯ ಒಪ್ಪಂದವೊಂದನ್ನು ಯಾರೋ ಮುರಿಯುತ್ತಿದ್ದಾರೆ ಎಂದು ಹೇಳುವಾಗ ಮಾತ್ರ ಆ ಎರಡನೆಯ ಜಾಲದ ಬೆಲೆ ತಿಳಿಯುವುದು. ಒಬ್ಬನೇ ಸಾಕ್ಷಿಯ ಮಾತಿಗೆ ಅವನ ಉಪಕರಣವೇ ಕೆಟ್ಟಿರಬಹುದೆಂಬ ಉತ್ತರ ಯಾವಾಗಲೂ ಸಿದ್ಧವಿರುತ್ತದೆ.

ಕೇಪ್ ಗ್ರಿಮ್‌ನವರ ಇನ್ನೊಂದು ಅಭ್ಯಾಸ ನನಗೆ ಬಹಳ ಇಷ್ಟ. ದಕ್ಷಿಣ ಸಾಗರದ ಕಡೆಯಿಂದ, ನೆಲ ಸೋಕದ ಗಾಳಿ ಬೀಸುವಾಗ ಅದನ್ನು ಲೋಹದ ಟ್ಯಾಂಕುಗಳಲ್ಲಿ ತುಂಬಿ, ದಿನಾಂಕ ಬರೆದು ಜೋಪಾನ ಮಾಡುತ್ತಾರೆ. ಇದು 1978ರಿಂದ ನಡೆದಿದೆ. ತುಂಬಿಸುವಾಗ ಅದರೊಳಗೆ ಏನೇನಿದೆ ಎಂಬುದು ತುಂಬಿಸಿದವರಿಗೂ ಪೂರ್ತಿ ಗೊತ್ತಿರಲಿಲ್ಲ. 2014ರಲ್ಲಿ ಆ ಹಳೆಯ ಗಾಳಿಯನ್ನೂ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನೂ ಹೊಸ ಉಪಕರಣಕ್ಕೆ ಕೊಟ್ಟಾಗ, ಓಝೋನ್ ತಿನ್ನುವ ನಾಲ್ಕು ಅನಿಲಗಳು ಸಿಕ್ಕಿದವು. ಅವು ಗಾಳಿಯಲ್ಲಿವೆ ಎಂದು ಅಲ್ಲಿಯವರೆಗೆ ಯಾರೂ ಗುರುತಿಸಿರಲಿಲ್ಲ. ಮುಂದಿನ ತಲೆಮಾರು ಕೇಳಬಹುದಾದ ಪ್ರಶ್ನೆಗೆ ಇಂದೇ ಗಾಳಿ ತುಂಬಿಡುವುದು ಯಾವ ಯೋಜನಾ ವರದಿಯ ಚೌಕಟ್ಟಿಗೂ ಸುಲಭವಾಗಿ ಹೊಂದುವುದಿಲ್ಲ.

ಇಷ್ಟಾಗಿಯೂ ಸಿಎಫ್‌ಸಿಯದು ಸುಲಭದ ಲೆಕ್ಕ. ಅದು ಗಾಳಿಗೆ ಸೇರಿದರೆ ಅರ್ಧ ಶತಮಾನ ಹಾಗೇ ಇರುತ್ತದೆ, ಕೂಡಿ ಕಳೆದರೆ ಉತ್ತರ ಬರುತ್ತದೆ. ನಾವು ದಿನಾ ಉಸಿರಾಡುವ ನಗರದ ಗಾಳಿಯಲ್ಲಿರುವ ಅನಿಲಗಳು ಹಾಗಲ್ಲ. ಅವು ಒಂದರೊಡನೊಂದು ಸೇರಿ ಬೇರೆಯಾಗುತ್ತವೆ, ಬಿಸಿಲಿದ್ದರೆ ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು ಬಗೆ.

ಲಾಸ್ ಏಂಜಲೀಸ್ ನಗರದಲ್ಲಿ ನಲವತ್ತರ ದಶಕದಿಂದ ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. ಲಂಡನ್ನಿನಲ್ಲಿ 1952ರ ಡಿಸೆಂಬರಿನಲ್ಲಿ ಸಾವಿರಾರು ಜನರನ್ನು ಕೊಂದದ್ದು ಕಲ್ಲಿದ್ದಲ ಹೊಗೆ. ಅದು ಕಣ್ಣಿಗೆ ಕಾಣುತ್ತಿತ್ತು, ಚಿಮಣಿ ಯಾರದೆಂದೂ ಗೊತ್ತಿತ್ತು. ಲಾಸ್ ಏಂಜಲೀಸಿನದು ಬಿಸಿಲಿದ್ದ ದಿನ ಹೆಚ್ಚುತ್ತಿತ್ತು, ಯಾವ ಚಿಮಣಿಯಲ್ಲೂ ಅದು ಸಿಗುತ್ತಿರಲಿಲ್ಲ. ಅನಾನಸಿನ ಪರಿಮಳ ಯಾವ ಯಾವ ರಾಸಾಯನಿಕಗಳಿಂದ ಬರುತ್ತದೆ ಎಂದು ಅಧ್ಯಯನ ಮಾಡುತ್ತಿದ್ದ ಆರಿ ಹಾಗನ್-ಸ್ಮಿಟ್ ಎಂಬ ವಿಜ್ಞಾನಿ, ಅದೇ ಚಾಕಚಕ್ಯತೆಯನ್ನು ನಗರದ ಗಾಳಿಯ ಮೇಲೆ ಪ್ರಯೋಗಿಸಿದರು. ರಬ್ಬರಿನ ಪಟ್ಟಿಗಳನ್ನು ಬಗ್ಗಿಸಿ ಗಾಳಿಗೊಡ್ಡಿದರೆ ಅವು ಸೀಳುಬಿಡುತ್ತಿದ್ದವು. ಓಝೋನ್ ಇದ್ದರೆ ರಬ್ಬರು ಹಾಗೆ ಸೀಳುತ್ತದೆ. ಆದರೆ ಓಝೋನನ್ನು ಯಾರೂ ಹೊರಬಿಡುತ್ತಿರಲಿಲ್ಲ. ವಾಹನಗಳ ಮತ್ತು ತೈಲ ಶುದ್ಧೀಕರಣ ಘಟಕಗಳ ಹೈಡ್ರೋಕಾರ್ಬನ್ನು, ದಹನದಿಂದ ಬರುವ ನೈಟ್ರೋಜನ್ ಆಕ್ಸೈಡು, ಇವೆರಡೂ ಬಿಸಿಲಿನಲ್ಲಿ ಸೇರಿ ಅದು ಅಲ್ಲೇ ಗಾಳಿಯಲ್ಲಿ ಹುಟ್ಟುತ್ತಿತ್ತು. ಎಂಜಿನ್ನಿನ ಹೊಗೆಕೊಳವೆಯಲ್ಲಿ ಹುಡುಕಿದರೆ ಸಿಗದ ಮಾಲಿನ್ಯ ಎಂಬ ಕಲ್ಪನೆಯನ್ನು ಉದ್ಯಮಗಳು ಒಪ್ಪಲು ವರ್ಷಗಳೇ ಹಿಡಿದವು.

ಈ ಅಡುಗೆಯಲ್ಲಿ ಉರಿ ಹಚ್ಚುವವನು ಹೈಡ್ರಾಕ್ಸಿಲ್ ಎಂಬ ಕಣ. ಒಂದು ಜಲಜನಕ, ಒಂದು ಆಮ್ಲಜನಕ, ಅಷ್ಟೇ. ಕೆಳ ವಾತಾವರಣವನ್ನು ಹಗಲೆಲ್ಲ ಶುಚಿಮಾಡುವುದು ಇದೇ ಎಂದು ಹೈರಮ್ ಲೆವಿ 1971ರಲ್ಲಿ ವಾದಿಸಿದರು. ಸುಮಾರು 25 ಲಕ್ಷ ಕೋಟಿ ಅಣುಗಳಿಗೆ ಒಂದರಂತೆ ಇರುವ, ಒಂದು ಸೆಕೆಂಡು ಕೂಡ ಬಾಳದ ಕಣ! ಅದು ಹೈಡ್ರೋಕಾರ್ಬನ್ನನ್ನು ಕಚ್ಚಿದಾಗ ಹುಟ್ಟುವ ತುಣುಕುಗಳು ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಆಗಿ ಬದಲಿಸುತ್ತವೆ. ಬಿಸಿಲು ಅದನ್ನು ಒಡೆಯುತ್ತದೆ, ಬಿಡುಗಡೆಯಾದ ಆಮ್ಲಜನಕದ ಪರಮಾಣುವಿನಿಂದ ಓಝೋನ್ ಆಗುತ್ತದೆ. ನೈಟ್ರೋಜನ್ ಆಕ್ಸೈಡ್ ಮಿತಿಮೀರಿದರೆ ಆಟ ತಲೆಕೆಳಗಾಗುತ್ತದೆ: ಅದು ಹೈಡ್ರಾಕ್ಸಿಲನ್ನೇ ನುಂಗಿ ನೈಟ್ರಿಕ್ ಆಮ್ಲವಾಗುತ್ತದೆ, ಇದ್ದ ಓಝೋನನ್ನೂ ಕಬಳಿಸುತ್ತದೆ. ಹಾಗಾಗಿ ವಾಹನ ದಟ್ಟಣೆಯ ರಸ್ತೆಯಲ್ಲಿ ಓಝೋನ್ ಕಡಿಮೆ, ನಗರದಾಚೆ ಗಾಳಿ ಸಾಗುವ ದಿಕ್ಕಿನ ಹಳ್ಳಿಯಲ್ಲಿ ಹೆಚ್ಚು. ಹೊಗೆ ಬಿಟ್ಟವರು ಒಬ್ಬರು, ಕೆಮ್ಮುವವರು ಇನ್ನೊಬ್ಬರು.

ಇದರಿಂದ ಆಡಳಿತದವರಿಗೆ ಬರುವ ತಲೆನೋವು ಸಣ್ಣದಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ವಾಹನಗಳು ನಿಂತವು, ಅನೇಕ ನಗರಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಧಡಕ್ಕನೆ ಇಳಿದದ್ದನ್ನು ಉಪಗ್ರಹದಿಂದಲೇ ಕಾಣಬಹುದಿತ್ತು. ಅದೇ ವಾರಗಳಲ್ಲಿ ಹಲವು ನಗರಗಳಲ್ಲಿ ಓಝೋನ್ ಏರಿತು. ಫೆಬ್ರವರಿಯಲ್ಲಿ ಬೀಜಿಂಗ್ ಸುತ್ತ ರಸ್ತೆಗಳು ಖಾಲಿಯಿದ್ದಾಗಲೇ ದಟ್ಟ ಮಬ್ಬು ಕವಿಯಿತು. ತೇವ ಮತ್ತು ನಿಶ್ಚಲ ಗಾಳಿಯ ಜೊತೆಗೆ, ಏರಿದ ಓಝೋನೇ ಹೊಸ ಸೂಕ್ಷ್ಮ ಕಣಗಳ ಹುಟ್ಟಿಗೆ ಇಂಬು ಕೊಟ್ಟಿತ್ತು. ಅದಕ್ಕೂ ಮೊದಲಿನ ಕಥೆ ಹೀಗೇ ಇದೆ. ಬೀಜಿಂಗಿನ ವಾರ್ಷಿಕ ಸರಾಸರಿ ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳ ಪ್ರಮಾಣ, 2013ರಲ್ಲಿ ಘನ ಮೀಟರಿಗೆ ಸುಮಾರು 90 ಮೈಕ್ರೋಗ್ರಾಂ ಇದ್ದದ್ದು 2021ಕ್ಕೆ 33ಕ್ಕೆ ಇಳಿಯಿತು. ಅಷ್ಟು ಕಡಿಮೆ ಅವಧಿಯಲ್ಲಿ ಇದು ಅಸಾಧಾರಣ ಸಾಧನೆ. ಆದರೆ ಆ ವರ್ಷಗಳಲ್ಲೇ ಉತ್ತರ ಚೀನಾದಲ್ಲಿ ಬೇಸಿಗೆಯ ಓಝೋನ್ ಹೆಚ್ಚಿತು. ಕಣಗಳು ಕಡಿಮೆಯಾದಾಗ ಅವು ಹೀರಿಕೊಳ್ಳುತ್ತಿದ್ದ ರಾಡಿಕಲ್‌ಗಳು, ಅಂದರೆ ಥಟ್ಟನೆ ಬೇರೆಯದರೊಡನೆ ಸೇರುವ ಚುರುಕು ಅಣುತುಣುಕುಗಳು, ಗಾಳಿಯಲ್ಲೇ ಉಳಿದು ಓಝೋನ್ ಮಾಡತೊಡಗಿದವು ಎಂಬುದು ಒಂದು ವಿವರಣೆ. ನೈಟ್ರೋಜನ್ ಆಕ್ಸೈಡ್ ಇಳಿದದ್ದು, ಸೆಕೆ ಹೆಚ್ಚಿದ್ದು ಮುಖ್ಯ ಕಾರಣ ಎನ್ನುವವರೂ ಇದ್ದಾರೆ. ಜಗಳ ಮುಗಿದಿಲ್ಲ.

ಇಂಥ ಜಗಳಗಳನ್ನು ಮಾತಿನಲ್ಲಿ ತೀರಿಸಲಾಗದು. ಎರಡು ದೇಶಗಳ ಅಂಕಿಯನ್ನು ಪಕ್ಕಪಕ್ಕ ಇಡುವ ಮುನ್ನ ಇಬ್ಬರ ತಕ್ಕಡಿಯೂ ಒಂದೇ ಎಂದು ಖಾತ್ರಿಯಾಗಬೇಕು. ವಾತಾವರಣ ರಸಾಯನದ ಅಂತರರಾಷ್ಟ್ರೀಯ ಆಯೋಗ 1957ರಷ್ಟು ಹಿಂದಿನದು. ಅದರ ಆಸರೆಯಲ್ಲಿ 1990ರಲ್ಲಿ ಶುರುವಾದ ಐಗ್ಯಾಕ್ ಎಂಬ ಯೋಜನೆ, ವಿಶ್ವ ಹವಾಮಾನ ಸಂಸ್ಥೆಯ ಜಾಗತಿಕ ವಾತಾವರಣ ನಿಗಾ ಜಾಲ, ಇವುಗಳ ದಿನನಿತ್ಯದ ಕೆಲಸದ ದೊಡ್ಡ ಪಾಲು ಈ ತಕ್ಕಡಿ ಹೊಂದಿಸುವುದೇ. ಇತ್ತೀಚಿನದೊಂದು ನಿದರ್ಶನ: ಓಝೋನ್ ಮಾಪಕಗಳು ಅತಿನೇರಳೆ ಬೆಳಕನ್ನು ಹಾಯಿಸಿ, ಓಝೋನ್ ಎಷ್ಟು ಬೆಳಕು ನುಂಗಿತು ಎಂದು ನೋಡಿ ಪ್ರಮಾಣ ಹೇಳುತ್ತವೆ. ಒಂದು ಅಣು ಎಷ್ಟು ನುಂಗುತ್ತದೆ ಎಂಬ ಮೂಲ ಅಂಕಿ 1961ರಲ್ಲಿ ಅಳೆದದ್ದು. ಅದು ಇರಬೇಕಾದದ್ದಕ್ಕಿಂತ ಶೇ 1.2ರಷ್ಟು ಹೆಚ್ಚಿತ್ತು ಎಂದು ನಂತರದ ಪ್ರಯೋಗಗಳು ಹೇಳಿದವು. ಹೊಸ ಅಂಕಿಗೆ ಬದಲಾದರೆ ಎಲ್ಲ ಮಾಪಕಗಳ ಓಝೋನ್ ಸುಮಾರು ಶೇ 1.3 ಏರಿದಂತೆ ಕಾಣುತ್ತದೆ. ಮಿತಿಯ ಗೆರೆಯ ಮೇಲೆ ನಿಂತಿರುವ ನಗರವೊಂದು ಒಂದು ಗುಲಗಂಜಿ ಮಾಲಿನ್ಯವೂ ಹೆಚ್ಚಾಗದೆ ಗೆರೆ ದಾಟಿಬಿಡಬಹುದು. ಒಂದು ದೇಶ ಬದಲಾಯಿಸಿ ನೆರೆಯ ದೇಶ ಬಿಟ್ಟರೆ ಗಡಿಯಲ್ಲೇ ಓಝೋನಿನ ಒಂದು ಮೆಟ್ಟಿಲು ಹುಟ್ಟುತ್ತದೆ. ಹಾಗಾಗಿ ಎಲ್ಲರೂ ಜೊತೆಜೊತೆಗೇ ಬದಲಾಗಬೇಕೆಂದು ವರ್ಷಗಟ್ಟಲೆ ಮಾತುಕತೆ ನಡೆಸಿ, 2024ರಿಂದ ಹಂತಹಂತವಾಗಿ ಬದಲಾವಣೆ ಶುರುಮಾಡಿದ್ದಾರೆ. ಪತ್ರಿಕೆಯ ಮುಖಪುಟಕ್ಕೆ ಬರುವ ಸುದ್ದಿಯಲ್ಲ ಇದು.

ತಕ್ಕಡಿ ಒಂದಾದರೂ ಅಂಕಿಗೆ ರಾಜಕೀಯ ಅಂಟಿಕೊಳ್ಳುವುದು ತಪ್ಪುವುದಿಲ್ಲ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ವಿಮಾನ, ಹಡಗು, ದ್ವೀಪದ ಕೇಂದ್ರಗಳನ್ನಿಟ್ಟುಕೊಂಡು ಇಂಡೋಎಕ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ವೀರಭದ್ರನ್ ರಾಮನಾಥನ್ ಮತ್ತು ಪೌಲ್ ಕ್ರುಟ್ಜೆನ್ ಅದರ ಮುಂಚೂಣಿಯಲ್ಲಿದ್ದರು. ಸಾಗರದ ಮೇಲೂ ಹಬ್ಬಿದ ಕಂದು ಮಬ್ಬು ಅಲ್ಲಿ ದಾಖಲಾಯಿತು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅದನ್ನು 'ಏಷ್ಯಾದ ಕಂದು ಮೋಡ' ಎಂದು ಕರೆದದ್ದೇ ತಡ, ಭಾರತದ ಕೆಲವು ವಿಜ್ಞಾನಿಗಳು ತಕರಾರು ತೆಗೆದರು. ಇಂಥ ಮಬ್ಬು ಬೇರೆ ಖಂಡಗಳಲ್ಲೂ ಇರುವಾಗ ಏಷ್ಯಾಕ್ಕೆ ಮಾತ್ರ ಹಣೆಪಟ್ಟಿ ಯಾಕೆ ಎಂಬುದು ಅವರ ಪ್ರಶ್ನೆಗಳಲ್ಲೊಂದು. ಮುಂದೆ ಅದು 'ವಾತಾವರಣದ ಕಂದು ಮೋಡ' ಆಯಿತು. ತಕರಾರಿನಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಹೆಸರಿನ ಗದ್ದಲದಲ್ಲಿ ಮಬ್ಬಿನ ಚರ್ಚೆ ಹಿಂದೆ ಬಿತ್ತು ಎಂಬುದೂ ಅಷ್ಟೇ ಸತ್ಯ.

ಅಂಕಿ ಯಾರ ಕೈಯಲ್ಲಿದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಾರ್ಗಸೂಚಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು. ಜಗತ್ತಿನ ಶೇ 99 ಜನ ಅದರ ಮಾರ್ಗಸೂಚಿ ಮೀರಿದ ಗಾಳಿ ಉಸಿರಾಡುತ್ತಿದ್ದಾರೆ ಎಂಬುದು ಅದೇ ಸಂಸ್ಥೆಯ ಲೆಕ್ಕ. ಆ ಲೆಕ್ಕದಲ್ಲಿ ಎಷ್ಟೋ ಪ್ರದೇಶಗಳಿಗೆ ನೆಲದ ಮಾಪಕವೇ ಇಲ್ಲ; ಉಪಗ್ರಹ ಮತ್ತು ಕಂಪ್ಯೂಟರ್ ಮಾದರಿಗಳಿಂದ ಅಂದಾಜು ಮಾಡಿದ್ದು. ಉಪಗ್ರಹಕ್ಕೆ ಕಾಣುವುದು ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯ ಕಂಬ, ನಮ್ಮ ಮೂಗಿಗೆ ಬೇಕಾದದ್ದು ಅದರ ಬುಡದ ಒಂದು ಚೂರು. 2017ರಲ್ಲಿ ಹಾರಿದ ಯುರೋಪಿನ ಟ್ರೋಪೋಮಿ ಎಂಬ ಉಪಗ್ರಹ ಉಪಕರಣ ದಿನಕ್ಕೊಮ್ಮೆ, ಮಧ್ಯಾಹ್ನದ ಹೊತ್ತಿಗೆ ಹಾದುಹೋಗುತ್ತದೆ. ಬೆಳಗಿನ ದಟ್ಟಣೆ ಅದಕ್ಕೆ ಕಾಣುವುದಿಲ್ಲ. ಗಂಟೆಗೊಮ್ಮೆ ನೋಡಬಲ್ಲ ಭೂಸ್ಥಿರ ಕಕ್ಷೆಯ ಉಪಕರಣಗಳು ಒಂದೊಂದಾಗಿ ಬಂದಿವೆ: 2020ರಲ್ಲಿ ಏಷ್ಯಾದ ಮೇಲೆ ಕೊರಿಯಾದ ಜೆಮ್ಸ್, 2023ರಲ್ಲಿ ಉತ್ತರ ಅಮೆರಿಕದ ಮೇಲೆ ಟೆಂಪೋ, 2025ರಲ್ಲಿ ಯುರೋಪಿನ ಮೇಲೆ ಸೆಂಟಿನೆಲ್-4. ಭೂಪಟದ ಮೇಲೆ ಈ ಮೂರನ್ನೂ ಇಟ್ಟು ನೋಡಿ. ಆಫ್ರಿಕಾದ ಬಹುಪಾಲು, ದಕ್ಷಿಣ ಅಮೆರಿಕ ಖಾಲಿ ಉಳಿಯುತ್ತವೆ.

ಆ ಖಾಲಿಯನ್ನು ಅಗ್ಗದ ಸೆನ್ಸರ್‌ಗಳು ತುಂಬುತ್ತವೆ ಎಂಬ ಉತ್ಸಾಹ ಈಗ ಜೋರಾಗಿದೆ. ಒಳ್ಳೆಯದೇ, ಆದರೆ ಅವು ಕಣವನ್ನು ತೂಗುವುದಿಲ್ಲ, ಅದು ಚೆದುರಿಸುವ ಬೆಳಕನ್ನು ನೋಡಿ ಊಹಿಸುತ್ತವೆ. ತೇವ ಹೆಚ್ಚಾದರೆ ಕಣ ನೀರು ಹೀರಿ ಉಬ್ಬುತ್ತದೆ, ಸೆನ್ಸರ್ ಅದನ್ನೂ ಮಾಲಿನ್ಯಕ್ಕೆ ಬರೆದುಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಒಳ್ಳೆಯ ಉಪಕರಣವಿದ್ದು ಆಗಾಗ ತಾಳೆ ನೋಡದಿದ್ದರೆ ಸಾವಿರ ಸೆನ್ಸರ್ ಇಟ್ಟರೂ ಸಾವಿರ ಊಹೆ. ಹಲವು ರಾಜಧಾನಿಗಳಲ್ಲಿ ಅಂಥ ಒಳ್ಳೆಯ ಉಪಕರಣ ಇದ್ದದ್ದು ಅಮೆರಿಕದ ರಾಯಭಾರ ಕಚೇರಿಗಳಲ್ಲಿ. ಬೀಜಿಂಗಿನಲ್ಲಿ 2008ರಲ್ಲಿ ಶುರುವಾದ ಆ ಮಾಪನ ಆಮೇಲೆ ಹತ್ತಾರು ನಗರಗಳಿಗೆ ಹಬ್ಬಿತು. ಆತಿಥೇಯ ಸರ್ಕಾರಗಳಿಗೆ ಕಿರಿಕಿರಿ ಎನಿಸಿದರೂ ಅಂಕಿ ಎಲ್ಲರಿಗೂ ತೆರೆದಿತ್ತು. 2025ರ ಮಾರ್ಚಿನಲ್ಲಿ, ಹಣದ ಅಡಚಣೆ ಎಂದು ಹೇಳಿ, ಅಮೆರಿಕ ಆ ಅಂಕಿಗಳನ್ನು ಹಂಚುವುದನ್ನು ನಿಲ್ಲಿಸಿತು. ಅದೇ ವರ್ಷ ಮಂಡನೆಯಾದ ಬಜೆಟ್ ಪ್ರಸ್ತಾವದಲ್ಲಿ ನೋವಾದ ಸಂಶೋಧನಾ ವಿಭಾಗವನ್ನೇ ಕಳಚುವ ಮಾತಿತ್ತು, ಮೌನಾ ಲೋವಾ ವೀಕ್ಷಣಾಲಯವೂ ಆ ಪಟ್ಟಿಯಲ್ಲಿತ್ತು.

2022ರ ನವೆಂಬರಿನಲ್ಲಿ ಮೌನಾ ಲೋವಾ ಜ್ವಾಲಾಮುಖಿ ಉಕ್ಕಿ, ಲಾವಾ ಹರಿದು ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ನುಂಗಿದಾಗ ಅಲ್ಲಿಯವರು ಪಕ್ಕದ ಮೌನಾ ಕಿಯಾ ಶಿಖರಕ್ಕೆ ಹೋಗಿ ಅಳತೆ ಮುಂದುವರಿಸಿದ್ದರು. ಲಾವಾಕ್ಕೆ ಪರ್ಯಾಯ ಹುಡುಕಬಹುದು. ಇಂದು ಅಳೆಯದ ಗಾಳಿಯನ್ನು ಮಾತ್ರ ಹತ್ತು ವರ್ಷದ ಮೇಲೆ ಎಷ್ಟು ಹಣ ಸುರಿದರೂ ಅಳೆಯಲಾಗದು.

ಸಿಎಫ್‌ಸಿ-11ರ ಕಥೆಯಲ್ಲಿ ನಾನು ಒಂದು ಎಳೆ ಬಿಟ್ಟಿದ್ದೆ. ಜಾಗತಿಕ ಹೆಚ್ಚಳದಲ್ಲಿ ಚೀನಾದ ಪೂರ್ವಭಾಗದ ಪಾಲು ಎಂದು 2019ರ ಅಧ್ಯಯನ ಗುರುತಿಸಿದ್ದು ಶೇ 40ರಿಂದ 60. ಗೋಸಾನ್ ಮತ್ತು ಹಟೆರುಮಾ ಕೇಂದ್ರಗಳು ಅದರ ಗಾಳಿ ಬೀಸುವ ದಾರಿಯಲ್ಲೇ ಇದ್ದದ್ದರಿಂದ ಅಷ್ಟಾದರೂ ತಿಳಿಯಿತು. ಉಳಿದ ಪಾಲು ಎಲ್ಲಿಂದ ಬಂತೆಂದು ಯಾವ ದೇಶದ ಹೆಸರನ್ನೂ ಬರೆಯಲು ಆ ಲೇಖಕರಿಗೆ ಆಗಲಿಲ್ಲ, ಭೂಮಿಯ ದೊಡ್ಡ ಭಾಗದ ಗಾಳಿ ಯಾವ ಕೇಂದ್ರವನ್ನೂ ಹಾದುಹೋಗುವುದಿಲ್ಲ.